ಬಾನೆಟ್ ಮೇಲಿನ ಬಂಗಾರದ ವಿ: ಹಳೇ ಅಮೆರಿಕನ್ ಕಾರುಗಳ ಡೈಕಾಸ್ಟ್ ಮಾಡೆಲ್ ಕೂಡಿಸುವವರಿಗೆ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಲೆಕ್ಚರರ್. ಮಿಷಿಗನ್‌ನಲ್ಲಿರುವ ಭಾವ ಕಳೆದ ಸಲ ಬಂದಾಗ 1957ರ ಶೆವ್ರೊಲೆ ಬೆಲ್ ಏರ್ ಕಾರಿನ 1:18 ಡೈಕಾಸ್ಟ್ ಮಾಡೆಲ್ (ಲೋಹ ಎರಕ ಹೊಯ್ದು ಮಾಡಿದ, ನಿಜವಾದ ಕಾರಿನ ಹದಿನೆಂಟರಲ್ಲಿ ಒಂದು ಪಾಲಿನ ಪುಟ್ಟ ಕಾರು) ತಂದುಕೊಟ್ಟರು. ಅಂದಿನಿಂದ ಹುಚ್ಚು ಹಿಡಿದಿದೆ. ಅಂಗಡಿಯಲ್ಲಿ ಕಂಡ ಹಾಟ್ ವೀಲ್ಸ್ ಆಟಿಕೆ ಕಾರು ಎಲ್ಲಾ ತರುತ್ತಿದ್ದೇನೆ, ನಲವತ್ತು ದಾಟಿದೆ. ಮನೆಯಲ್ಲಿ ಬೈಗುಳ ಶುರುವಾಗಿದೆ. ಯಾವ ಸೈಜ್ ಕೂಡಿಸಬೇಕು? ಹೇಗೆ ಕಾಪಾಡಬೇಕು? ಮುಂದೆ ಬೆಲೆ ಬರುತ್ತದಾ? ಇನ್ನೊಂದು: ಹಳೇ ಸಾಮಾನು ಮಾರುವವನ ಹತ್ತಿರ ಹಾಟ್ ವೀಲ್ಸ್‌ನ '57 ಶೆವಿ (1957ರ ಶೆವ್ರೊಲೆ) ಇದೆ. ಅಡಿಯಲ್ಲಿ 1976 ಅಂತ ಇದೆ. ಎರಡು ಸಾವಿರ ಕೇಳುತ್ತಿದ್ದಾನೆ. ಕೊಳ್ಳಲಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಅವಸರ ಇದೆ. ದುಡ್ಡು ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡಿ. ಮೊದಲು ಆ ಕಾರನ್ನು ಅಂಗಾತ ಮಾಡಿ, ಅಡಿಯಲ್ಲಿ ಬರೆದಿರುವುದನ್ನು ಪೂರ್ತಿ ಓದಿ.

1976 ಅನ್ನುವುದು ಆ ಕಾರು ತಯಾರಾದ ವರ್ಷ ಅಲ್ಲ. ಆ ವಿನ್ಯಾಸದ ಕಾಪಿರೈಟ್ ವರ್ಷ. ಪುಸ್ತಕದಲ್ಲಿ 'ಮೊದಲ ಮುದ್ರಣ' ಅಂತ ಇರುತ್ತದಲ್ಲ, ಹಾಗೆ. ಹತ್ತನೇ ಮುದ್ರಣದಲ್ಲೂ ಆ ಸಾಲು ಇದ್ದೇ ಇರುತ್ತದೆ. ಹಾಟ್ ವೀಲ್ಸ್ ಮಾಡುವ ಕಂಪನಿ ಮ್ಯಾಟೆಲ್‌ನವರ '57 ಶೆವಿ ಅಂಗಡಿಗೆ ಬಂದದ್ದು 1977ರಲ್ಲಿ. ಆಮೇಲೆ ಬಣ್ಣ ಬದಲಿಸಿ, ಚಕ್ರ ಬದಲಿಸಿ ವರ್ಷಗಟ್ಟಲೆ ಅದನ್ನೇ ತಂದರು. ಅಡಿಯ 1976 ಮಾತ್ರ ಹಾಗೇ ಉಳಿಯಿತು. ಅದಕ್ಕೆ ವರ್ಷದ ಪಕ್ಕದಲ್ಲಿರುವ ದೇಶದ ಹೆಸರು ನೋಡಿ. ಎಪ್ಪತ್ತರ ದಶಕದ ಕೊನೆಯವಾದರೆ ಹಾಂಗ್‌ಕಾಂಗ್ ಅಂತ ಇರುತ್ತದೆ. ಮಲೇಷ್ಯಾ ಅಂತಿದ್ದರೆ ಅದು ಎಂಬತ್ತರ ದಶಕದ್ದು, ಇಲ್ಲವೇ ಇನ್ನೂ ಈಚಿನದು. 2008ರಿಂದ ಈಚೆಗಿನವನ್ನು ಹಿಡಿಯುವುದು ಇನ್ನೂ ಸುಲಭ. ಅಡಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಒತ್ತಿರುತ್ತಾರೆ. ಎ ಅಂದರೆ 2008, ಬಿ ಅಂದರೆ 2009. ಅಂಕಿ ಆ ವರ್ಷದ ವಾರ. ಇಂಡಿಯಾ ಅಂತ ಕಂಡರೆ ಮಾತ್ರ ಸುಮ್ಮನೆ ಕೆಳಗಿಡಬೇಡಿ. ತೊಂಬತ್ತರ ದಶಕದಲ್ಲಿ ಲಿಯೋ ಮ್ಯಾಟೆಲ್ ಹೆಸರಿನಲ್ಲಿ ನಮ್ಮಲ್ಲೇ ಹಾಟ್ ವೀಲ್ಸ್ ತಯಾರಾಗುತ್ತಿದ್ದವು. ನಾವು ಆಗ ಅವನ್ನು ಮಣ್ಣಲ್ಲಿ ಆಡಿ ಹಾಳು ಮಾಡಿದೆವು. ಈಗ ಹೊರದೇಶದವರು ಹುಡುಕಿಕೊಂಡು ಬರುತ್ತಾರೆ.

ಆಮೇಲೆ ರಿವೆಟ್ ನೋಡಿ. ಹಾಟ್ ವೀಲ್ಸ್‌ನಲ್ಲಿ ಬಾಡಿಯನ್ನೂ ಅಡಿಯ ಬೇಸನ್ನೂ ಹಿಡಿದಿಡುವುದು ರಿವೆಟ್. ಬಾಡಿಯ ಲೋಹದ ಕಡ್ಡಿಯ ತುದಿಯನ್ನೇ ಒತ್ತಿ ಅಗಲ ಮಾಡಿರುತ್ತಾರೆ. ಅದು ಒಂದೇ ಥರ ಮಂಕಾಗಿ, ಗುಂಡಗೆ ಇರಬೇಕು. ನಡುವೆ ಡ್ರಿಲ್ ಮಾಡಿದ ಗುಳಿ, ಹೊಳಪು, ಅಂಟಿನ ಕಲೆ ಕಂಡರೆ ಯಾರೋ ಬಿಚ್ಚಿ ಕೂಡಿಸಿದ್ದಾರೆ ಅಂತಲೇ ಲೆಕ್ಕ. ನಾನು ಇದನ್ನು ಕಲಿತದ್ದು ಮೂರೂವರೆ ಸಾವಿರ ಫೀಸು ಕೊಟ್ಟು. ಕೆಂಪು ಗೀಟಿನ ಟೈರಿದ್ದ ಮಸ್ಟ್ಯಾಂಗ್ ಒಂದು ಸಿಕ್ಕಿತ್ತು. 1968ರಿಂದ 1977ರವರೆಗಿನ ಹಾಟ್ ವೀಲ್ಸ್ ಟೈರಿಗೆ ಆ ಕೆಂಪು ಗೀಟು ಇರುತ್ತಿತ್ತು, ಅದಕ್ಕೇ ಅವಕ್ಕೆ ರೆಡ್‌ಲೈನ್ ಅಂತಲೇ ಹೆಸರು. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಗೊತ್ತಾಯಿತು. ಬೇಸ್ ಸೇರುವ ಅಂಚಿನಲ್ಲಿ ಬಣ್ಣ ದಪ್ಪ ಗಟ್ಟಿ ಕೂತಿತ್ತು. ರಿವೆಟ್ ಬಾಯಿ ಬಿಟ್ಟಿತ್ತು. ಚಕ್ರ ನಿನ್ನೆ ಮೊನ್ನೆ ಮಾಡಿದ್ದು. ಬಾಡಿಯೊಂದೇ ಹಳೆಯದು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ, ಹೊಸಬರಿಗೆ ತೋರಿಸಲಿಕ್ಕೆ.

ನಿಮ್ಮ ಊರಿನ '57 ಶೆವಿಯ ಅಡಿ ಮಲೇಷ್ಯಾ ಅಂತಿದ್ದರೆ ಎರಡು ಸಾವಿರ ಜಾಸ್ತಿಯೇ. ಹಾಂಗ್‌ಕಾಂಗ್ ಇದ್ದು, ರಿವೆಟ್ ಮುಟ್ಟಿರದೆ, ಬಣ್ಣ ಮುಕ್ಕಾಲು ಭಾಗ ಉಳಿದಿದ್ದರೆ ಆಗ ಚೌಕಾಶಿಗೆ ಕೂರಿ.

ಈಗ ನಲವತ್ತು ಕಾರುಗಳ ವಿಷಯ. ನಿಲ್ಲಿಸಿ. ಬೇಜಾರಾಗಬೇಡಿ, ಎಲ್ಲರೂ ಹೀಗೇ ಶುರು ಮಾಡುತ್ತೇವೆ. ಅಂಗಡಿಯ ಪೆಗ್‌ನಲ್ಲಿ ನೇತಾಡುವುದನ್ನೆಲ್ಲ ತಂದರೆ ಅದು ಅಂಗಡಿಯವನ ಸಂಗ್ರಹ, ನಿಮ್ಮದಲ್ಲ. ನನ್ನ ಸಲಹೆ ಒಂದೇ: ಒಂದು ಕಾರು ಹಿಡಿಯಿರಿ. ಮಾಡೆಲ್ ಅಲ್ಲ, ನಿಜವಾದ ಕಾರು. ಅದು ಹೇಗಿತ್ತು ಅಂತ ಮೂಲೆ ಮೂಲೆ ತಿಳಿದುಕೊಳ್ಳಿ. ಆಮೇಲೆ ಯಾವ ಮಾಡೆಲ್ ಒಳ್ಳೆಯದು, ಯಾವುದು ಸುಳ್ಳು ಅಂತ ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಅದೃಷ್ಟಕ್ಕೆ ಭಾವ ತಂದದ್ದೇ '57 ಬೆಲ್ ಏರ್. ಈ ಒಂದು ಕಾರನ್ನು ಹೆಚ್ಚು ಕಡಿಮೆ ಎಲ್ಲ ಕಂಪನಿಯವರೂ ಮಾಡಿದ್ದಾರೆ. ಅರ್ಟ್ಲ್, ಯಾಟ್ ಮಿಂಗ್, ಮೋಟರ್‌ಮ್ಯಾಕ್ಸ್, ಜಾಡಾ, ಫ್ರಾಂಕ್ಲಿನ್ ಮಿಂಟ್, ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್. ಹಿಂದಕ್ಕೆಳೆದು ಬಿಟ್ಟರೆ ಓಡುವ ಕಿನ್ಸ್‌ಮಾರ್ಟ್ ಕಾರಿನಲ್ಲೂ '57 ಇದೆ.

ಮಾಡೆಲನ್ನು ಮೇಜಿನ ಮೇಲಿಟ್ಟು ನನ್ನ ಜೊತೆ ನೋಡಿ. 1957ರಲ್ಲಿ ಶೆವ್ರೊಲೆಯಲ್ಲಿ ಮೂರು ದರ್ಜೆ ಇದ್ದವು: ಅಗ್ಗದ್ದು 150, ನಡುವಿನದು 210, ಮೇಲಿನದು ಬೆಲ್ ಏರ್. ಬೆಲ್ ಏರ್ ಆದರೆ ಮುಂದಿನ ಗ್ರಿಲ್ ಬಂಗಾರದ ಬಣ್ಣ. ಮುಂದಿನ ಚಕ್ರದ ಮೇಲೆ, ಪಕ್ಕದಲ್ಲಿ, ಬಂಗಾರದ ಮೂರು ಸಣ್ಣ ಗುರುತು. ಹಿಂದಿನ ಪಕ್ಕದಲ್ಲಿ ಕ್ರೋಮ್ ಪಟ್ಟಿಗಳ ನಡುವೆ ಗೀರು ಗೀರಾದ ಅಲ್ಯೂಮಿನಿಯಂ ತಗಡು. ಬಾನೆಟ್ ಮೇಲೆ ಎರಡು ಈಟಿಯಂಥ ಉಬ್ಬು. ಬಾನೆಟ್ ಮೇಲೂ ಡಿಕ್ಕಿ ಮೇಲೂ ಶೆವ್ರೊಲೆ ಅನ್ನುವ ಬರಹದ ಕೆಳಗೆ ದೊಡ್ಡ 'ವಿ' ಇದ್ದರೆ ಒಳಗಿರುವುದು ಎಂಟು ಸಿಲಿಂಡರಿನ ವಿ8 ಎಂಜಿನ್. ಬೆಲ್ ಏರ್‌ಗೆ ಆ ವಿ ಬಂಗಾರದ್ದು, ಕೆಳಗಿನ ದರ್ಜೆಗೆ ಬೆಳ್ಳಿಯದು. ಆರು ಸಿಲಿಂಡರಿನ ಕಾರಿಗೆ ವಿ ಇಲ್ಲವೇ ಇಲ್ಲ.

ಈಗ ಬಾನೆಟ್ ತೆರೆಯಿರಿ. ಹೊರಗೆ ವಿ ಇಟ್ಟು ಒಳಗೆ ಒಂದು ಸಾಲಿನ ಆರು ಸಿಲಿಂಡರ್ ಕೂರಿಸಿದ್ದರೆ, ಇಲ್ಲವೇ ಬೆಲ್ ಏರ್ ಅಂತ ಹೇಳಿ ಗ್ರಿಲ್‌ಗೆ ಬೆಳ್ಳಿ ಬಳಿದಿದ್ದರೆ, ಮಾಡಿದವರಿಗೆ ಕಾರು ಗೊತ್ತಿಲ್ಲ. ಮುಂದಿನ ಪಕ್ಕದಲ್ಲಿ 'ಫ್ಯುಯೆಲ್ ಇಂಜೆಕ್ಷನ್' ಅಂತ ಸಣ್ಣ ಬರಹ ಇದ್ದರೆ ಒಳಗೆ ಕಾರ್ಬುರೇಟರ್ ಕಾಣಬಾರದು. ಆ ವರ್ಷ 283 ಘನ ಇಂಚಿನ ಎಂಜಿನ್‌ಗೆ ಇಂಜೆಕ್ಷನ್ ಹಾಕಿ 283 ಅಶ್ವಶಕ್ತಿ ತೆಗೆದರು ಅಂತ ಶೆವ್ರೊಲೆ ಊರೆಲ್ಲ ಸಾರಿತ್ತು.

ಇನ್ನೊಂದು ತಮಾಷೆ. ಈ ಕಾರಿಗೆ ಪೆಟ್ರೋಲ್ ಎಲ್ಲಿ ಹಾಕುತ್ತಿದ್ದರು ಹೇಳಿ? ಪಕ್ಕದಲ್ಲಿ ಮುಚ್ಚಳ ಕಾಣುವುದಿಲ್ಲ. ಎಡಗಡೆಯ ಬಾಲದ ರೆಕ್ಕೆಯ ಹಿಂಬದಿಯ ಕ್ರೋಮ್ ಪಟ್ಟಿಯೇ ಬಾಗಿಲು. ಅದನ್ನು ತೆರೆದರೆ ಒಳಗೆ ಮುಚ್ಚಳ. ಒಳ್ಳೆಯ ಮಾಡೆಲ್‌ನಲ್ಲಿ ಅಲ್ಲಿ ಕೂದಲೆಳೆಯಷ್ಟು ಗೀಟು ಇರುತ್ತದೆ. ನನ್ನ ಹತ್ತಿರದ ಒಂದು 1:24 ಕಾರಿನಲ್ಲಿ ಅದು ಉಗುರಿಗೆ ಸಿಕ್ಕಿ ನಿಜವಾಗಿಯೂ ತೆರೆದುಕೊಳ್ಳುತ್ತದೆ. ಮೊದಲ ಸಲ ತೆರೆದಾಗ ಮುರಿದೇ ಬಿಟ್ಟೆ ಅಂದುಕೊಂಡು ಎದೆ ಧಸಕ್ಕೆಂದಿತ್ತು.

ಹೀಗೆ ಒಂದು ಕಾರು ಕಲಿತರೆ ಕಣ್ಣು ತಾನಾಗಿ ಉಳಿದವಕ್ಕೂ ಹೊರಳುತ್ತದೆ. ಕಾರ್ವೆಟ್‌ನ ಹಿಂದಿನ ಗಾಜು ನಡುವೆ ಸೀಳಿದ್ದರೆ ಅದು 1963, ಬೇರೆ ವರ್ಷ ಆಗಲು ಸಾಧ್ಯವಿಲ್ಲ. 1967 ಮತ್ತು 1968ರ ಕಮಾರೊ ಅವಳಿ ಮಕ್ಕಳ ಹಾಗೆ. ಬಾಗಿಲ ಕಿಟಕಿಯ ಮುಂತುದಿಯಲ್ಲಿ ಪುಟ್ಟ ತ್ರಿಕೋನ ಗಾಜಿದ್ದರೆ 67. ಅದಿಲ್ಲದೆ, ಬಂಪರಿನ ಹತ್ತಿರ ಪಕ್ಕದಲ್ಲಿ ಸಣ್ಣ ದೀಪ ಇದ್ದರೆ 68. ಆ ವರ್ಷದಿಂದ ಪಕ್ಕದ ದೀಪ ಇರಲೇಬೇಕು ಅಂತ ಅಮೆರಿಕದ ಸರ್ಕಾರ ಕಾನೂನು ಮಾಡಿತು. ಬಾಕ್ಸ್ ಮೇಲೆ 1967 ಅಂತ ಬರೆದು ಪಕ್ಕದಲ್ಲಿ ದೀಪ ಕೆತ್ತಿದ ಮಾಡೆಲ್ ಕಂಡರೆ ಈಗ ನಿಮಗೂ ನಗು ಬರುತ್ತದೆ.

ಸೈಜ್ ಯಾವುದು ಅಂತ ಕೇಳಿದ್ದೀರಿ. ಅದನ್ನು ನಿಮ್ಮ ಗೋಡೆಯನ್ನು ಕೇಳಬೇಕು. ನಿಜವಾದ '57 ಶೆವಿ 200 ಇಂಚು ಉದ್ದ, ಅಂದರೆ ಐದು ಮೀಟರಿಗಿಂತ ಸ್ವಲ್ಪ ಜಾಸ್ತಿ. 1:18ರಲ್ಲಿ ಅದು 28 ಸೆಂಟಿಮೀಟರ್. 1:24ರಲ್ಲಿ 21. 1:43ರಲ್ಲಿ 12ರ ಹತ್ತಿರ. 1:64ರಲ್ಲಿ ಬರೀ 8. ನಮ್ಮ ಅಂಬಾಸಿಡರನ್ನು 1:18ರಲ್ಲಿ ಮಾಡಿದರೆ 24 ಸೆಂಟಿಮೀಟರ್ ಬರುತ್ತದೆ, ಈಗ ಹೋಲಿಸಿ. ಬಾಲದ ರೆಕ್ಕೆಗೇ ಹೆಸರಾದ 1959ರ ಕ್ಯಾಡಿಲಾಕ್ ಬೇಕಾದರೆ ಅದು ನಿಜದಲ್ಲಿ 225 ಇಂಚು, ಶೆಲ್ಫ್ ಮೇಲೆ 32 ಸೆಂಟಿಮೀಟರ್. ಮೈಸ್ಟೊದವರ ಕ್ಯಾಡಿಲಾಕ್ ತಂದ ದಿನ ನನ್ನ ಪುಸ್ತಕದ ಕಪಾಟಿನ ಬಾಗಿಲು ಹಾಕಲಾಗಲಿಲ್ಲ. ಅದರ ಎರಡು ಬುಲೆಟ್ ದೀಪ ಹೊರಗೆ ಇಣುಕುತ್ತಿದ್ದವು. ಒಂದು ವಾರ ಹಾಗೇ ಇತ್ತು, ಆಮೇಲೆ ನಿಘಂಟು ಅಟ್ಟ ಸೇರಿತು.

1:18ರ ಸುಖ ಅಂದರೆ ಬಾಗಿಲು, ಬಾನೆಟ್, ಡಿಕ್ಕಿ ಎಲ್ಲಾ ತೆರೆಯುತ್ತವೆ, ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತದೆ. ಕಷ್ಟ ಅಂದರೆ ಜಾಗ. ಹದಿನೈದಾದ ಮೇಲೆ ಮನೆಯವರ ಮುಖ ನೋಡಲು ಧೈರ್ಯ ಬೇಕು. 1:43 ನನಗೆ ತುಂಬಾ ಇಷ್ಟ, ಆದರೆ ನಮ್ಮ ಕಡೆ ಅಮೆರಿಕನ್ ಕಾರು ಆ ಸೈಜಿನಲ್ಲಿ ಸಿಗುವುದು ಕಡಿಮೆ. ಈ ಸೈಜಿನಲ್ಲಿ ಬರೀ ಅಮೆರಿಕನ್ ಕಾರಿಗೇ ಹೆಸರಾದ ಕಂಪನಿ ಬ್ರೂಕ್ಲಿನ್. 1974ರಲ್ಲಿ ಕೆನಡಾದ ಒಂಟಾರಿಯೊದ ಬ್ರೂಕ್ಲಿನ್ ಊರಲ್ಲಿ ಶುರುವಾಗಿ ಆಮೇಲೆ ಇಂಗ್ಲೆಂಡಿನ ಬಾತ್‌ಗೆ ಹೋಯಿತು. ಅವರ ಮೊದಲ ಕಾರು 1933ರ ಪಿಯರ್ಸ್ ಆ್ಯರೊ. ಖಚಿತವಾಗಿ ಹೇಳಿದರೆ ಅದು ಡೈಕಾಸ್ಟ್ ಅಲ್ಲ, ವೈಟ್ ಮೆಟಲ್ ಅನ್ನುವ ಮೆತ್ತನೆಯ ಮಿಶ್ರಲೋಹ. ರಬ್ಬರ್ ಅಚ್ಚಿನಲ್ಲಿ ತಿರುಗಿಸಿ ಎರಕ ಹೊಯ್ಯುತ್ತಾರೆ. ಕೈಯಲ್ಲಿ ಹಿಡಿದರೆ ಅಳತೆಗೆ ಮೀರಿದ ಭಾರ. ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಹಾಕಿದ ದುಡ್ಡಿನಲ್ಲಿ ಬೇರೆಯವು ಮೂರು ನಾಲ್ಕು ಬರುತ್ತವೆ. ಸದ್ಯಕ್ಕೆ ಬೇಡ.

ಹಾಟ್ ವೀಲ್ಸ್ ಬಗ್ಗೆ ಒಂದು ಮಾತು ತಿಳಿದಿರಲಿ. ಅದಕ್ಕೆ 1:64 ಅಂತ ಹೇಳುವುದು ಬಾಯಿಮಾತು. ಅದರ ಅಳತೆ ಕಾರ್ಡಿನ ಮೇಲಿನ ಪ್ಲಾಸ್ಟಿಕ್ ಗುಳ್ಳೆಯ ಅಳತೆ. ಬೀಟಲ್ ಆಗಲಿ ಕ್ಯಾಡಿಲಾಕ್ ಆಗಲಿ ಹೆಚ್ಚು ಕಡಿಮೆ ಅಷ್ಟೇ ಉದ್ದ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಮೆರಿಕನ್ ಕಾರಿನ ಮುಖ್ಯ ಗುಣ, ಆ ಅಗಾಧ ಉದ್ದ, ಮಾಯ. ಅದಕ್ಕಾಗಿ ಹಾಟ್ ವೀಲ್ಸನ್ನು ಬೈಯಬೇಕಿಲ್ಲ. 1968ರಲ್ಲಿ ಮ್ಯಾಟೆಲ್‌ನ ಎಲಿಯಟ್ ಹ್ಯಾಂಡ್ಲರ್ ಹದಿನಾರು ಕಾರುಗಳಿಂದ ಇದನ್ನು ಶುರು ಮಾಡಿದಾಗ ಬೇಕಾಗಿದ್ದದ್ದು ಸ್ಪೀಡು. ವಿನ್ಯಾಸಕ್ಕೆ ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡಿದ್ದ ಹ್ಯಾರಿ ಬೆಂಟ್ಲಿ ಬ್ರಾಡ್ಲಿಯನ್ನೇ ಕರೆತಂದರು. ಕಮಾರೊ, ಮಸ್ಟ್ಯಾಂಗ್, ಫೈರ್‌ಬರ್ಡ್, ಎಲ್ಡೊರಾಡೊ, ಎಲ್ಲಾ ಆ ಮೊದಲ ಹದಿನಾರರಲ್ಲೇ ಇದ್ದವು. ಅವು ಓಡಲು ಹುಟ್ಟಿದ ಕಾರು, ನಿಲ್ಲಲು ಅಲ್ಲ. ನಿಮ್ಮ ನಲವತ್ತರಲ್ಲಿ ಹಳೇ ಅಮೆರಿಕನ್ ಕಾರು ಎಷ್ಟಿವೆಯೋ ಅಷ್ಟನ್ನು ಇಟ್ಟುಕೊಳ್ಳಿ. ಉಳಿದವನ್ನು ಪಕ್ಕದ ಮನೆ ಮಕ್ಕಳಿಗೆ ಕೊಡಿ. ಬೈಗುಳವೂ ಕಡಿಮೆಯಾಗುತ್ತದೆ.

ನನ್ನದೊಂದು ಕೊರಗು ಇಲ್ಲೇ ಹೇಳಿಬಿಡುತ್ತೇನೆ. ಮಾಡೆಲ್ ಮಾಡುವವರಿಗೆಲ್ಲ ಎರಡು ಬಾಗಿಲಿನ ಕಾರೇ ಬೇಕು. ಕಿಟಕಿಗಳ ನಡುವೆ ಕಂಬವಿಲ್ಲದ ಕೂಪೆ, ಮೇಲ್ಛಾವಣಿ ಬಿಚ್ಚಿದ ಕನ್ವರ್ಟಿಬಲ್. ಅಮೆರಿಕದಲ್ಲಿ ಮಕ್ಕಳು ಮರಿ ತುಂಬಿಕೊಂಡು ಓಡಾಡಿದ್ದು ನಾಲ್ಕು ಬಾಗಿಲಿನ ಸಾದಾ ಸೆಡಾನ್‌ನಲ್ಲಿ. ಅದನ್ನು ಕೇಳುವವರೇ ಇಲ್ಲ. ನಮ್ಮ ದೇಶ ಕಂಡ ಅಮೆರಿಕನ್ ಕಾರೂ ಅದೇ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಡಾಡ್ಜ್, ಪ್ಲಿಮತ್ ಜೋಡಿಸುತ್ತಿದ್ದರು. ಆ ಬಡಪಾಯಿ ಡಾಡ್ಜ್‌ನ ಮಾಡೆಲ್ ಹುಡುಕಿ ಹುಡುಕಿ ನನ್ನ ಕೂದಲು ಬೆಳ್ಳಗಾಗಿದೆ.

ಕಾಪಾಡುವುದು ಹೇಗೆ ಅನ್ನುವುದಕ್ಕೆ ಈ ಕಾರು ಯಾವುದರಿಂದ ಆಗಿದೆ ಅಂತ ತಿಳಿದರೆ ಸಾಕು. ಲೋಹದ ಭಾಗ ಜಮಾಕ್. ಸತುವೇ ಮುಖ್ಯ, ಜೊತೆಗೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ತಾಮ್ರ. ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲಕ್ಷರ ಕೂಡಿಸಿಯೇ ಜಮಾಕ್ ಆದದ್ದು. 1929ರಲ್ಲಿ ನ್ಯೂ ಜೆರ್ಸಿ ಜಿಂಕ್ ಕಂಪನಿ ಇದನ್ನು ತಂದಿತು. 400 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಲ್ಲೇ ಕರಗುತ್ತದೆ. ಕರಗಿದ್ದನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುತ್ತಾರೆ. ಇದರಲ್ಲಿ ಸೀಸ ಒಂದಿಷ್ಟು ಬೆರೆತರೂ ಕೆಟ್ಟಿತು. ವರ್ಷಗಳು ಕಳೆದಂತೆ ಒಳಗೊಳಗೇ ಬಿರುಕು ಬಿಟ್ಟು, ಉಬ್ಬಿ, ಕೊನೆಗೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಇದಕ್ಕೆ ಜಿಂಕ್ ಪೆಸ್ಟ್ ಅನ್ನುತ್ತಾರೆ. 1939ರಲ್ಲಿ ಲಿವರ್‌ಪೂಲ್‌ನ ಡಿಂಕಿಯವರು ಪ್ಯಾಕಾರ್ಡ್, ಬ್ಯೂಯಿಕ್, ಲಿಂಕನ್ ಜೆಫಿರ್ ಅಂತ ಅಮೆರಿಕನ್ ಕಾರುಗಳ ಒಂದು ಚಂದದ ಸಾಲು ತಂದಿದ್ದರು. ಅವುಗಳಲ್ಲಿ ಎಷ್ಟೋ ಹೀಗೇ ಹೋದವು. ಪೆಸ್ಟ್ ಅಂದರೆ ಪಕ್ಕದ ಕಾರಿಗೂ ಹರಡುತ್ತದೆ ಅಂತ ಹೆದರಿಸುವವರಿದ್ದಾರೆ. ಹರಡುವುದಿಲ್ಲ. ಅದು ಹುಟ್ಟುವಾಗಲೇ ಬಂದ ಕಾಯಿಲೆ. ಮದ್ದಿಲ್ಲ, ಆದರೆ ಸೆಕೆ ಮತ್ತು ತೇವ ಕಡಿಮೆ ಇದ್ದರೆ ನಿಧಾನವಾಗುತ್ತದೆ. ಈಗಿನ ಕಾರಿನಲ್ಲೂ ಅಪರೂಪಕ್ಕೆ ಬರುತ್ತದೆ. ಚೆನ್ನಾಗಿ ತೆರೆಯುತ್ತಿದ್ದ ಬಾಗಿಲು ಸುಮ್ನೆ ಸುಮ್ನೆ ಬಿಗಿಯಾಯಿತು ಅಂದರೆ ಅನುಮಾನ ಪಡಿ.

ನಿಮಗೆ ಅದಕ್ಕಿಂತ ದೊಡ್ಡ ಶತ್ರು ಟೈರ್. ಮೃದುವಾದ ಪಿವಿಸಿ ಟೈರಿನಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ಇರುತ್ತದೆ. ಅದು ಮೆಲ್ಲಗೆ ಹೊರಬಂದು ಕೆಳಗಿನ ಪಾರದರ್ಶಕ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಒಂದು ಬೇಸಿಗೆ ಕಳೆದು ಎತ್ತಲು ಹೋದರೆ ಟೈರ್ ಕಚ್ಚಿಕೊಂಡಿರುತ್ತದೆ. ಎಳೆದರೆ ರಬ್ಬರು ಅಲ್ಲೇ, ಚಕ್ರ ಕೈಯಲ್ಲಿ. ಟೈರಿನ ಕೆಳಗೆ ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ಚೂರು ಇಡಿ, ಸಾಕು. ಗಾಜಿನ ಶೆಲ್ಫ್ ಆದರೆ ಅದೂ ಬೇಡ.

ಹಾಗೇ ಥರ್ಮಾಕೋಲ್ ಬಾಕ್ಸಿನಲ್ಲಿ ಭದ್ರವಾಗಿರುತ್ತದೆ ಅಂದುಕೊಳ್ಳಬೇಡಿ. ನಾನು ಒಂದು ದುಬಾರಿ 1:24 ಕಾರನ್ನು ತೆಳು ಪ್ಲಾಸ್ಟಿಕ್ ಸುತ್ತಿ, ಬಾಕ್ಸಿಗೆ ಹಾಕಿ, ಮಂಗಳೂರಿನ ಮನೆಯ ಅಟ್ಟದಲ್ಲಿ ಆರು ಮಳೆಗಾಲ ಇಟ್ಟೆ. ತೆಗೆದಾಗ ಬಾನೆಟ್ ತುಂಬಾ ಸಾಸಿವೆ ಕಾಳಿನ ಹಾಗೆ ಗುಳ್ಳೆ. ತೇವ ಒಳಗೆ ಸಿಕ್ಕಿಕೊಂಡರೆ ಬಣ್ಣ ಹೀಗೆ ಏಳುತ್ತದೆ. ಪ್ಲಾಸ್ಟಿಕ್ ಹೊದಿಕೆ ಬಿಸಾಡಿ, ಕಾರು ಹೊರಗಿರಲಿ, ಗಾಳಿ ಆಡಲಿ. ಬಿಸಿಲು ನೇರ ಬೀಳಬಾರದು. ದಾವಣಗೆರೆಯಲ್ಲಿ ತೇವದ ಕಾಟ ಕಡಿಮೆ, ಧೂಳಿನ ಕಾಟ ಜಾಸ್ತಿ. ಮೇಕಪ್ಪಿನ ಮೆತ್ತಗಿನ ಬ್ರಷ್‌ನಿಂದ ಸವರಿ. ಬಟ್ಟೆ ಹಿಡಿದು ಉಜ್ಜಿದರೆ ಮೊದಲು ಕಳಚುವುದೇ ಬಾನೆಟ್ ಮೇಲಿನ ಆ ವಿ.

ಬೆಲೆ ಬರುತ್ತದಾ? ಬರುವುದಿಲ್ಲ ಅಂದುಕೊಂಡೇ ಕೊಳ್ಳಿ. ಈಗ ಅಂಗಡಿಯಲ್ಲಿರುವ ಸಾದಾ ಹಾಟ್ ವೀಲ್ಸನ್ನು ರಾಶಿ ರಾಶಿ ಮಾಡುತ್ತಾರೆ, ರಾಶಿ ರಾಶಿ ಜನ ಕಾರ್ಡ್ ಬಿಚ್ಚದೆ ಇಟ್ಟುಕೊಳ್ಳುತ್ತಾರೆ. ರೆಡ್‌ಲೈನಿಗೆ ಬೆಲೆ ಬಂದದ್ದು ಆಗಿನ ಮಕ್ಕಳು ಅದನ್ನು ಆಡಿ ಮುಗಿಸಿದ್ದರಿಂದ. ಹಾಟ್ ವೀಲ್ಸ್ ಕಾರ್ಟನ್‌ಗಳಲ್ಲಿ ಅಪರೂಪಕ್ಕೆ ಸಿಗುವ, 1995ರಿಂದ ಬಂದ ಟ್ರೆಷರ್ ಹಂಟ್, 2007ರಿಂದ ಬಂದ ಸೂಪರ್ ಟ್ರೆಷರ್ ಹಂಟ್ ಮಾತ್ರ ಬೇರೆ ಲೆಕ್ಕ. ಅವಕ್ಕಾಗಿ ಕಾರ್ಟನ್ ಒಡೆಯುವ ಹೊತ್ತಿಗೇ ಅಂಗಡಿ ಬಾಗಿಲಲ್ಲಿ ಕೂತು, ಬಾಚಿಕೊಂಡು ಹೋಗಿ, ದುಪ್ಪಟ್ಟಿಗೆ ಮಾರುವವರ ಗುಂಪೇ ಇದೆ. ಅವರ ಹತ್ತಿರ ಕೊಂಡು ಅವರನ್ನು ಸಾಕಬೇಡಿ. ಇನ್ನು ದೊಡ್ಡ ಕಾರು: ಎಂಬತ್ತು ತೊಂಬತ್ತರ ದಶಕದಲ್ಲಿ ಅಮೆರಿಕದವರು ಫ್ರಾಂಕ್ಲಿನ್ ಮಿಂಟ್ ಕಾರಿಗೆ ನೂರು ಡಾಲರ್ ಆಸುಪಾಸು ಕೊಟ್ಟರು, ಮೊಮ್ಮಕ್ಕಳ ಕಾಲಕ್ಕೆ ಆಸ್ತಿ ಆಗುತ್ತದೆ ಅಂತ. ಈಗ ಆ ತಲೆಮಾರಿನವರ ಕಪಾಟುಗಳು ಒಟ್ಟೊಟ್ಟಿಗೆ ಖಾಲಿಯಾಗುತ್ತಿವೆ. ಹೆಚ್ಚಿನ ಸಲ ಹಾಕಿದ್ದರಲ್ಲಿ ಅರ್ಧವೂ ಬರುವುದಿಲ್ಲ. ಮಾರುವವರಿಗೆ ಸಂಕಟ, ನಮಗೆ ಹಬ್ಬ. ಇಷ್ಟು ನಯವಾದ ಕೆಲಸ ಇಷ್ಟು ಅಗ್ಗಕ್ಕೆ ಹಿಂದೆ ಸಿಕ್ಕಿರಲಿಲ್ಲ.

ಆದರೆ ಕೊರಿಯರ್‌ನಲ್ಲಿ ತರಿಸುವ ಮೊದಲು ಕಸ್ಟಮ್ಸ್ ನೆನಪಿರಲಿ. ಆಟಿಕೆ ಮತ್ತು ಸ್ಕೇಲ್ ಮಾಡೆಲ್ ಮೇಲಿನ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. ಕೊಳ್ಳುವ ದಿನದ ದರ ನೋಡಿಕೊಂಡು, ಅದನ್ನೂ ಸಾಗಣೆ ಖರ್ಚನ್ನೂ ಕೂಡಿಸಿ ಆಮೇಲೆ ಆರ್ಡರ್ ಒತ್ತಿ. ಇಲ್ಲಿ ಹುಡುಕುವುದಾದರೆ ಮೈಸ್ಟೊ, ಕಿನ್ಸ್‌ಮಾರ್ಟ್ ಸುಲಭವಾಗಿ ಸಿಗುತ್ತವೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಮೂರೇ ಕೊಳ್ಳುತ್ತಿದ್ದೆ. ಭಾವನ ಬೆಲ್ ಏರ್ ಪಕ್ಕಕ್ಕೆ 1955 ಮತ್ತು 1956ರ ಶೆವಿ, ಅದೇ 1:18ರಲ್ಲಿ. ಮೂರು ವರ್ಷದಲ್ಲಿ ಅದೇ ಕಾರಿನ ರೆಕ್ಕೆ ಹೇಗೆ ಬೆಳೆಯಿತು ಅಂತ ಕಣ್ಣಾರೆ ಕಾಣುತ್ತದೆ. 56ರಲ್ಲಿ ಪೆಟ್ರೋಲ್ ಮುಚ್ಚಳ ಎಡಗಡೆಯ ಹಿಂದಿನ ದೀಪದ ಮರೆಯಲ್ಲಿ ಇತ್ತು, ಅದನ್ನೂ ಹುಡುಕಿ. ಮೂರನೆಯದು 1959ರ ಕ್ಯಾಡಿಲಾಕ್. ಅದನ್ನು ತರುವ ಮುಂಚೆ ಕಪಾಟಿನ ಆಳ ಟೇಪ್ ಹಿಡಿದು ಅಳೆಯಿರಿ. 32 ಸೆಂಟಿಮೀಟರ್ ಇಲ್ಲದಿದ್ದರೆ ಓರೆಯಾಗಿ ನಿಲ್ಲಿಸಬೇಕಾಗುತ್ತದೆ.